ಎಕ್ಸೈಟಾನ್ ಜೋಡಿ: ತೆಳುಪೊರೆಯೊಳಗಿನ ಹೈಡ್ರೋಜನ್ ಅಣು

(ದ್ವಿತೀಯ ಪಿಯುಸಿ ಅರೆವಾಹಕ ಪಾಠಕ್ಕೆ ಪೂರಕ ವಿಷಯ ವಿಶ್ಲೇಷಣೆ)

ದ್ವಿತೀಯ ಪಿಯುಸಿ ತರಗತಿಯಲ್ಲಿ ಅರೆವಾಹಕಗಳ ಪಾಠ ಮಾಡುವಾಗ ನಾವು ಸಾಮಾನ್ಯವಾಗಿ ಎರಡು ಮಾತು ಹೇಳುತ್ತೇವೆ. ಒಂದು, ಸಾಕಷ್ಟು ಶಕ್ತಿಯುಳ್ಳ ಫೋಟಾನ್ ಬಿದ್ದಾಗ ಎಲೆಕ್ಟ್ರಾನ್ ವೇಲೆನ್ಸಿ ಪಟ್ಟಿಯಿಂದ ವಹನ ಪಟ್ಟಿಗೆ ಏರುತ್ತದೆ. ಅದು ಬಿಟ್ಟುಹೋದ ಜಾಗ ಧನ ಆವೇಶದ ರಂಧ್ರದಂತೆ ವರ್ತಿಸುತ್ತದೆ. ಎರಡು, ಫೋಟಾನಿನ ಶಕ್ತಿ ನಿಷಿದ್ಧ ಶಕ್ತಿ ಅಂತರಕ್ಕಿಂತ ಕಡಿಮೆಯಿದ್ದರೆ ಹೀರಿಕೆ ನಡೆಯುವುದಿಲ್ಲ. ಈ ಎರಡನ್ನೂ ಗಮನವಿಟ್ಟು ಕೇಳಿದ ವಿದ್ಯಾರ್ಥಿಯಲ್ಲಿ ಒಂದು ಪ್ರಶ್ನೆ ಹುಟ್ಟುವುದು ಸಹಜ: "ಎಲೆಕ್ಟ್ರಾನ್ ಋಣ, ರಂಧ್ರ ಧನ. ಹಾಗಾದರೆ ಅವು ಒಂದನ್ನೊಂದು ಸೆಳೆಯುವುದಿಲ್ಲವೇ ಸರ್?"

ಸೆಳೆಯುತ್ತವೆ ಎಂಬುದೇ ಸರಿಯಾದ ಉತ್ತರ. ಆದರೆ ಆ ಉತ್ತರ ಕೊಟ್ಟ ಕೂಡಲೇ ನಮ್ಮ ಎರಡನೆಯ ಮಾತು ಅಲುಗಾಡುತ್ತದೆ. ಪರಸ್ಪರ ಸೆಳೆದು ಹಿಡಿದುಕೊಂಡ ಜೋಡಿಯ ಶಕ್ತಿ, ದೂರದೂರ ನಿಂತ ಎಲೆಕ್ಟ್ರಾನ್ ಮತ್ತು ರಂಧ್ರಗಳ ಒಟ್ಟು ಶಕ್ತಿಗಿಂತ ಕಡಿಮೆ. ಅಂದಮೇಲೆ ಶಕ್ತಿ ಅಂತರಕ್ಕಿಂತ ಸ್ವಲ್ಪ ಕಡಿಮೆ ಶಕ್ತಿಯ ಫೋಟಾನ್ ಕೂಡ ಅಂಥ ಜೋಡಿಯನ್ನು ಹುಟ್ಟಿಸಬಲ್ಲದು. ಪ್ರಯೋಗದಲ್ಲಿಯೂ ಹೀಗೆಯೇ ಆಗುತ್ತದೆ. "ಅದು ನಿಮ್ಮ ಪಠ್ಯದಲ್ಲಿಲ್ಲ" ಎಂದು ವಿದ್ಯಾರ್ಥಿಯನ್ನು ಕೂರಿಸಿಬಿಟ್ಟರೆ, ಭೌತಶಾಸ್ತ್ರದ ಅಧ್ಯಾಯಗಳು ಒಂದಕ್ಕೊಂದು ಸಂಬಂಧವಿಲ್ಲದ ಕೋಣೆಗಳೆಂಬ ಭಾವನೆಯನ್ನು ನಾವೇ ಬಿತ್ತಿದಂತಾಗುತ್ತದೆ. ಆ ಒಂದು ಪ್ರಶ್ನೆಯಿಂದ ಹೊರಟು, ಪಠ್ಯದಲ್ಲಿ ಈಗಾಗಲೇ ಇರುವ ಸಾಧನಗಳನ್ನಷ್ಟೇ ಬಳಸಿ, ಅರೆವಾಹಕ ತೆಳುಪೊರೆಗಳಲ್ಲಿ ಕಾಣುವ ಎಕ್ಸೈಟಾನ್ ಜೋಡಿಯವರೆಗೆ ಹೇಗೆ ತಲುಪಬಹುದೆಂದು ತೋರಿಸುವುದು ಈ ಲೇಖನದ ಉದ್ದೇಶ.

ಬೇಕಾದ ಪೂರ್ವಜ್ಞಾನ

ಕೂಲಂಬನ ನಿಯಮ, ಡೈಎಲೆಕ್ಟ್ರಿಕ್ ಸ್ಥಿರಾಂಕ, ಹೈಡ್ರೋಜನ್ ಪರಮಾಣುವಿನ ಬೋರ್ ಮಾದರಿ, ಹೈಡ್ರೋಜನ್ ಅಣುವಿನ ಸಹವೇಲೆನ್ಸಿ ಬಂಧ, ಫೋಟಾನ್ ಶಕ್ತಿಗೂ ತರಂಗದೂರಕ್ಕೂ ಇರುವ ಸಂಬಂಧ. ಇವೆಲ್ಲವನ್ನೂ ವಿದ್ಯಾರ್ಥಿ ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರದಲ್ಲಿ ಓದಿರುತ್ತಾನೆ. ಇದರ ಜೊತೆಗೆ ಒಂದು ಸಂಖ್ಯೆ ನೆನಪಿದ್ದರೆ ಸಾಕು: 300 ಕೆಲ್ವಿನ್ ಉಷ್ಣತೆಯಲ್ಲಿ ಉಷ್ಣ ಶಕ್ತಿಯ ಅಳತೆ, ಅಂದರೆ ಬೋಲ್ಟ್ಸ್‌ಮನ್ ಸ್ಥಿರಾಂಕ ಮತ್ತು ಉಷ್ಣತೆಯ ಗುಣಲಬ್ಧ, ಸುಮಾರು 26 ಮಿಲಿ ಎಲೆಕ್ಟ್ರಾನ್‌ವೋಲ್ಟ್. (ಮುಂದೆ ಎಲೆಕ್ಟ್ರಾನ್‌ವೋಲ್ಟನ್ನು ಇವಿ ಎಂದು ಬರೆಯಲಾಗಿದೆ.)

ಮೊದಲು ಹೆಸರುಗಳು

ಈ ವಿಷಯದಲ್ಲಿ "ಜೋಡಿ" ಎಂಬ ಪದ ಎರಡು ಅರ್ಥದಲ್ಲಿ ಬರುತ್ತದೆ. ಇದನ್ನು ಆರಂಭದಲ್ಲೇ ಬಿಡಿಸಿಕೊಳ್ಳದಿದ್ದರೆ ಮುಂದೆ ಗೊಂದಲವಾಗುತ್ತದೆ.

ಎಕ್ಸೈಟಾನ್: ಒಂದು ಎಲೆಕ್ಟ್ರಾನ್ ಮತ್ತು ಒಂದು ರಂಧ್ರ ಕೂಲಂಬ್ ಆಕರ್ಷಣೆಯಿಂದ ಬಂಧಗೊಂಡು ಒಟ್ಟಿಗೆ ಚಲಿಸುವ ಘಟಕ. ಇದರ ಒಟ್ಟು ಆವೇಶ ಸೊನ್ನೆ. ಇದು ಹೈಡ್ರೋಜನ್ ಪರಮಾಣುವಿನ ಪ್ರತಿರೂಪ.

ಎಕ್ಸೈಟಾನ್ ಜೋಡಿ: ಅಂಥ ಎರಡು ಎಕ್ಸೈಟಾನ್‌ಗಳು ಸೇರಿ ಬಂಧಗೊಂಡದ್ದು. ಎರಡು ಎಲೆಕ್ಟ್ರಾನ್, ಎರಡು ರಂಧ್ರ, ಒಟ್ಟು ನಾಲ್ಕು ಕಣ. ಇದನ್ನು ಬೈಎಕ್ಸೈಟಾನ್ ಅಥವಾ ಎಕ್ಸೈಟಾನ್ ಅಣು ಎಂದೂ ಕರೆಯುತ್ತಾರೆ. ಇದು ಹೈಡ್ರೋಜನ್ ಅಣುವಿನ ಪ್ರತಿರೂಪ.

ಇನ್ನೊಂದು ಎಚ್ಚರಿಕೆ. ಸ್ಫಟಿಕದಲ್ಲಿರುವ ಕಲ್ಮಶ ಪರಮಾಣುವಿಗೆ ಅಂಟಿಕೊಂಡ ಒಂಟಿ ಎಕ್ಸೈಟಾನನ್ನು "ಬಂಧಿತ ಎಕ್ಸೈಟಾನ್" ಎನ್ನುವ ರೂಢಿಯಿದೆ. ಅದು ಬೇರೆ, ಜೋಡಿ ಬೇರೆ. ರೋಹಿತದಲ್ಲಿ ಎರಡೂ ಅಕ್ಕಪಕ್ಕದಲ್ಲೇ ಕಾಣಿಸಿಕೊಳ್ಳುವುದರಿಂದ ಇವನ್ನು ಪ್ರತ್ಯೇಕಿಸುವ ಬಗೆಯನ್ನು ಮುಂದೆ ನೋಡೋಣ.

ಬೋರ್ ಸೂತ್ರದಲ್ಲಿ ಎರಡೇ ಬದಲಾವಣೆ

ಹೈಡ್ರೋಜನ್ ಪರಮಾಣುವಿನ ಬಂಧಕ ಶಕ್ತಿ 13.6 ಇವಿ, ಬೋರ್ ತ್ರಿಜ್ಯ 0.053 ನ್ಯಾನೊಮೀಟರ್. ಎಕ್ಸೈಟಾನಿಗೆ ಇದೇ ಸೂತ್ರ ಅನ್ವಯಿಸಲು ಎರಡು ಬದಲಾವಣೆ ಬೇಕು.

ಮೊದಲನೆಯದು ದ್ರವ್ಯರಾಶಿ. ಸ್ಫಟಿಕದೊಳಗೆ ಎಲೆಕ್ಟ್ರಾನ್ ಮುಕ್ತ ಎಲೆಕ್ಟ್ರಾನಿಗಿಂತ ಹಗುರವಾಗಿರುವಂತೆ ವರ್ತಿಸಬಹುದು. ಇದು ಅದರ ಪರಿಣಾಮಕಾರಿ ದ್ರವ್ಯರಾಶಿ. ರಂಧ್ರವೂ ಪ್ರೋಟಾನಿನಂತೆ ಒಂದೆಡೆ ಕೂರುವುದಿಲ್ಲ, ಅದೂ ಓಡಾಡುತ್ತದೆ. ಆದ್ದರಿಂದ ಎರಡರ ದ್ರವ್ಯರಾಶಿಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿ ಬರುವ "ರೆಡ್ಯೂಸ್ಡ್ ಮಾಸ್" ಬಳಸಬೇಕು.

ಎರಡನೆಯದು ಡೈಎಲೆಕ್ಟ್ರಿಕ್ ಸ್ಥಿರಾಂಕ. ಎಲೆಕ್ಟ್ರಾನ್ ಮತ್ತು ರಂಧ್ರದ ನಡುವೆ ಇರುವುದು ನಿರ್ವಾತವಲ್ಲ, ಧ್ರುವೀಕರಣಗೊಳ್ಳಬಲ್ಲ ಸ್ಫಟಿಕ. ಅದು ಬಲವನ್ನು ತಗ್ಗಿಸುತ್ತದೆ. ಬೋರ್ ಶಕ್ತಿಯ ಸೂತ್ರದಲ್ಲಿ ಕೂಲಂಬ್ ಬಲದ ಗುಣಾಂಕ ಎರಡು ಘಾತಕ್ಕೆ ಬರುತ್ತದಾದ್ದರಿಂದ ಶಕ್ತಿ, ಡೈಎಲೆಕ್ಟ್ರಿಕ್ ಸ್ಥಿರಾಂಕದ ವರ್ಗದಷ್ಟು ಪಾಲು ಕಡಿಮೆಯಾಗುತ್ತದೆ.

ಗ್ಯಾಲಿಯಂ ಆರ್ಸೆನೈಡ್ ತೆಗೆದುಕೊಂಡು ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿ. ಎಲೆಕ್ಟ್ರಾನಿನ ಪರಿಣಾಮಕಾರಿ ದ್ರವ್ಯರಾಶಿ ಮುಕ್ತ ಎಲೆಕ್ಟ್ರಾನಿನ 0.067 ಪಾಲು, ಭಾರವಾದ ರಂಧ್ರದ್ದು ಸುಮಾರು 0.45 ಪಾಲು. ರೆಡ್ಯೂಸ್ಡ್ ಮಾಸ್ ಸುಮಾರು 0.058. ಡೈಎಲೆಕ್ಟ್ರಿಕ್ ಸ್ಥಿರಾಂಕ 12.9.

ಬಂಧಕ ಶಕ್ತಿ = 13.6 × 0.058 ÷ (12.9 × 12.9) = 0.0047 ಇವಿ, ಅಂದರೆ 4.7 ಮಿಲಿ ಇವಿ.
ತ್ರಿಜ್ಯ = 0.053 × 12.9 ÷ 0.058 = ಸುಮಾರು 12 ನ್ಯಾನೊಮೀಟರ್.

ಪ್ರಯೋಗದಲ್ಲಿ ಸಿಗುವ ಬಂಧಕ ಶಕ್ತಿ ಸುಮಾರು 4.2 ಮಿಲಿ ಇವಿ. ಇಷ್ಟು ಸರಳ ಲೆಕ್ಕಕ್ಕೆ ಇದು ಒಳ್ಳೆಯ ಹೊಂದಿಕೆಯೇ. ತ್ರಿಜ್ಯವನ್ನೂ ಗಮನಿಸಲು ಹೇಳಿ: ಗ್ಯಾಲಿಯಂ ಆರ್ಸೆನೈಡ್ ಸ್ಫಟಿಕದ ಒಂದು ಘಟಕ ಕೋಶದ ಅಂಚು 0.565 ನ್ಯಾನೊಮೀಟರ್. ಅಂದರೆ ಎಕ್ಸೈಟಾನ್ ಒಂದು ಪರಮಾಣುವಿನಲ್ಲಿ ಅಡಗಿಲ್ಲ, ಸಾವಿರಾರು ಕೋಶಗಳ ಮೇಲೆ ಹರಡಿಕೊಂಡಿದೆ. ನಡುವೆ ಇಷ್ಟೊಂದು ಪರಮಾಣುಗಳಿರುವುದರಿಂದಲೇ ಸ್ಫಟಿಕವನ್ನು ಒಂದು ಅಖಂಡ ಮಾಧ್ಯಮವೆಂದು ಭಾವಿಸಿ ಒಂದೇ ಡೈಎಲೆಕ್ಟ್ರಿಕ್ ಸ್ಥಿರಾಂಕ ಬಳಸಲು ನಮಗೆ ಹಕ್ಕು ಬರುತ್ತದೆ.

ಈಗ 26 ಮಿಲಿ ಇವಿಯನ್ನು ನೆನಪಿಸಿ. ಕೋಣೆಯ ಉಷ್ಣತೆಯಲ್ಲಿ ಉಷ್ಣ ಶಕ್ತಿಯು ಈ ಬಂಧಕ್ಕಿಂತ ಆರು ಪಟ್ಟು ದೊಡ್ಡದು; ಎಕ್ಸೈಟಾನ್ ಹುಟ್ಟಿದರೂ ಬೇಗ ಒಡೆಯುತ್ತದೆ. ಸಿಲಿಕಾನಿನಲ್ಲಿಯೂ ಬಂಧಕ ಶಕ್ತಿ ಸುಮಾರು 15 ಮಿಲಿ ಇವಿ ಮಾತ್ರ. ಆದ್ದರಿಂದಲೇ ಕೋಣೆಯ ಉಷ್ಣತೆಯಲ್ಲಿ ಕೆಲಸ ಮಾಡುವ ಸಿಲಿಕಾನ್ ಫೋಟೋಡಯೋಡಿನ ಪಾಠದಲ್ಲಿ ಎಕ್ಸೈಟಾನಿನ ಹೆಸರೆತ್ತದೆ ಮುಗಿಸಲು ಸಾಧ್ಯವಾಗುತ್ತದೆ. ಪಠ್ಯದ ನಿಯಮ ಸುಳ್ಳಲ್ಲ. ಅದಕ್ಕೊಂದು ಎಲ್ಲೆಯಿದೆ, ಅಷ್ಟೆ.

ಕಣ್ಣಿಗೆ ಕಾಣುವ ಸಾಕ್ಷ್ಯ

ಎಕ್ಸೈಟಾನಿನ ಕಲ್ಪನೆಯನ್ನು 1931ರಲ್ಲಿ ಮುಂದಿಟ್ಟವರು ಸೋವಿಯತ್ ಭೌತಶಾಸ್ತ್ರಜ್ಞ ಯಾಕೊವ್ ಫ್ರೆಂಕೆಲ್. 1937ರಲ್ಲಿ ಗ್ರೆಗರಿ ವಾನಿಯರ್, ಮೇಲೆ ನಾವು ಬಳಸಿದಂಥ ದೊಡ್ಡ ತ್ರಿಜ್ಯದ ಎಕ್ಸೈಟಾನಿನ ಸಿದ್ಧಾಂತ ಕೊಟ್ಟರು. 1952ರಲ್ಲಿ ಲೆನಿನ್‌ಗ್ರಾಡಿನಲ್ಲಿ ಎವ್ಗೆನಿ ಗ್ರಾಸ್ ಮತ್ತು ಅವರ ಸಹೋದ್ಯೋಗಿ ಕ್ಯೂಪ್ರಸ್ ಆಕ್ಸೈಡ್ ಸ್ಫಟಿಕದ ಹೀರಿಕೆ ರೋಹಿತದಲ್ಲಿ ಹೈಡ್ರೋಜನ್ ಮಾದರಿಯ ಗೆರೆಗಳ ಸಾಲನ್ನೇ ಕಂಡರು.

ಈ ಸಾಲು ತರಗತಿಗೆ ಹೇಳಿ ಮಾಡಿಸಿದ ಉದಾಹರಣೆ. ಗೆರೆಗಳ ಶಕ್ತಿ, 2.172 ಇವಿಯಿಂದ 0.098 ಇವಿಯನ್ನು ಕ್ವಾಂಟಂ ಸಂಖ್ಯೆಯ ವರ್ಗದಿಂದ ಭಾಗಿಸಿ ಕಳೆದಷ್ಟು. ಕ್ವಾಂಟಂ ಸಂಖ್ಯೆ 2 ಆದರೆ ಸುಮಾರು 2.148, 3 ಆದರೆ 2.161, 4 ಆದರೆ 2.166. ಬಾಮರ್ ಶ್ರೇಣಿಯಂತೆಯೇ ಗೆರೆಗಳು ಒತ್ತೊತ್ತಾಗುತ್ತ 2.172ರ ಅಂಚಿಗೆ ಸೇರುತ್ತವೆ. ಆ ಅಂಚೇ ಶಕ್ತಿ ಅಂತರ. ಅಂದರೆ ಈ ಗೆರೆಗಳೆಲ್ಲ ಶಕ್ತಿ ಅಂತರಕ್ಕಿಂತ ಕೆಳಗಿವೆ. "ಹೀರಿಕೆ ಇಲ್ಲ" ಎಂದು ನಾವು ಹೇಳಿದ ಜಾಗದಲ್ಲೇ ಇವೆ. 2014ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್ ತಂಡವೊಂದು, 1 ಕೆಲ್ವಿನ್ ಆಸುಪಾಸಿನ ಚಳಿಯಲ್ಲಿ, ಕ್ವಾಂಟಂ ಸಂಖ್ಯೆ 25ರವರೆಗಿನ ಗೆರೆಗಳನ್ನು ಗುರುತಿಸಿತು. ಆ 25ನೆಯ ಸ್ಥಿತಿಯ ಎಕ್ಸೈಟಾನಿನ ವ್ಯಾಸ 2 ಮೈಕ್ರೋಮೀಟರಿಗೂ ಹೆಚ್ಚು.

ಇಲ್ಲಿ ನಮ್ಮ ಎರಡನೆಯ ಮಾತನ್ನು ತಿದ್ದಿ ಬರೆಯಬಹುದು. "ಫೋಟಾನ್ ಶಕ್ತಿ ಅಂತರಕ್ಕಿಂತ ಕಡಿಮೆಯಾದರೆ ಹೀರಿಕೆ ಇಲ್ಲ" ಎನ್ನುವ ಬದಲು, "ಬಿಡಿಯಾದ ಎಲೆಕ್ಟ್ರಾನ್ ಮತ್ತು ರಂಧ್ರ ಹುಟ್ಟುವುದಿಲ್ಲ" ಎನ್ನಿ. ಎಕ್ಸೈಟಾನ್ ಹುಟ್ಟಿದರೂ ಅದು ಆವೇಶವಿಲ್ಲದ ಘಟಕ. ಒಡೆಯುವವರೆಗೆ ಅದರಿಂದ ವಿದ್ಯುತ್ ಪ್ರವಾಹ ಸಿಗದು. ಒಂದು ವಾಕ್ಯದ ತಿದ್ದುಪಡಿಯಿಂದ ಫೋಟೋಡಯೋಡಿನ ಪಾಠವೂ ಕೆಡಲಿಲ್ಲ, ವಿದ್ಯಾರ್ಥಿಯ ಪ್ರಶ್ನೆಗೂ ನ್ಯಾಯ ಸಿಕ್ಕಿತು.

ತೆಳುಪೊರೆ ಏಕೆ?

ಇದಕ್ಕೆ ಮೂರು ಕಾರಣಗಳಿವೆ.

1. ಬೆಳಕು ಹೊರಬರಬೇಕು. ಗ್ಯಾಲಿಯಂ ಆರ್ಸೆನೈಡಿನಂಥ ಅರೆವಾಹಕದಲ್ಲಿ ಹೀರಿಕೆ ಅಂಚಿನ ಬಳಿ ಹೀರಿಕೆಯ ಗುಣಾಂಕ ಸೆಂಟಿಮೀಟರಿಗೆ ಸುಮಾರು 10,000. ಅಂದರೆ 1 ಮೈಕ್ರೋಮೀಟರ್ ದಾಟುವಷ್ಟರಲ್ಲಿ ಬೆಳಕು ಶೇ. 37ಕ್ಕೆ ಇಳಿಯುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಬಿಲ್ಲೆಯಲ್ಲಿ ಇಂಥ ಇಳಿಕೆ 500 ಬಾರಿ ನಡೆಯುತ್ತದೆ. ಆಚೆ ಬದಿಗೆ ಏನೂ ಉಳಿಯುವುದಿಲ್ಲ. ಹೀರಿಕೆಯ ಗೆರೆಯ ಆಕಾರ ಅಳೆಯಬೇಕಾದರೆ ಮೈಕ್ರೋಮೀಟರ್ ಅಥವಾ ಅದಕ್ಕಿಂತ ತೆಳುವಾದ ಪೊರೆಯೇ ಬೇಕು.

2. ಇಕ್ಕಟ್ಟಿನಲ್ಲಿ ಬಂಧ ಬಿಗಿಯಾಗುತ್ತದೆ. ಗ್ಯಾಲಿಯಂ ಆರ್ಸೆನೈಡಿನ 10 ನ್ಯಾನೊಮೀಟರ್ ದಪ್ಪದ ಪದರವನ್ನು, ಹೆಚ್ಚಿನ ಶಕ್ತಿ ಅಂತರವಿರುವ ಅಲ್ಯೂಮಿನಿಯಂ ಗ್ಯಾಲಿಯಂ ಆರ್ಸೆನೈಡಿನ ಎರಡು ಪದರಗಳ ನಡುವೆ ಬೆಳೆಸಿದರೆ ಅದನ್ನು ಕ್ವಾಂಟಂ ಬಾವಿ ಎನ್ನುತ್ತಾರೆ. 24 ನ್ಯಾನೊಮೀಟರ್ ವ್ಯಾಸದ ಎಕ್ಸೈಟಾನ್ ಆ ಪದರದಲ್ಲಿ ಚಪ್ಪಟೆಯಾಗಲೇಬೇಕು. ಎಲೆಕ್ಟ್ರಾನ್ ಮತ್ತು ರಂಧ್ರಗಳಿಗೆ ಮೇಲೆ ಕೆಳಗೆ ದೂರ ಸರಿಯಲು ಜಾಗವಿಲ್ಲ. ಸರಾಸರಿ ಅಂತರ ಕಡಿಮೆಯಾಗಿ ಆಕರ್ಷಣೆ ಹೆಚ್ಚುತ್ತದೆ. ಪೂರ್ಣ ಎರಡು ಆಯಾಮದ ಆದರ್ಶ ಸ್ಥಿತಿಯಲ್ಲಿ ಬಂಧಕ ಶಕ್ತಿ ನಾಲ್ಕು ಪಟ್ಟಾಗುತ್ತದೆ, ತ್ರಿಜ್ಯ ಅರ್ಧವಾಗುತ್ತದೆ. ನಿಜವಾದ ಬಾವಿಗಳಲ್ಲಿ ಎರಡರಿಂದ ಮೂರು ಪಟ್ಟು ಸಿಗುತ್ತದೆ.

ಇಲ್ಲಿ ಉದಾಹರಣೆ ಕೊಡುವಾಗ ಜಾಗ್ರತೆ. "ಚಪಾತಿ ಉಂಡೆಯನ್ನು ಲಟ್ಟಿಸಿದ ಹಾಗೆ" ಎನ್ನಲು ನಾಲಗೆ ತುದಿಗೆ ಬರುತ್ತದೆ. ಆದರೆ ಲಟ್ಟಿಸಿದ ಉಂಡೆ ತೆಳುವಾಗುತ್ತ ಅಗಲವಾಗುತ್ತದೆ. ಎಕ್ಸೈಟಾನ್ ತೆಳುವಾಗುತ್ತ ಅಗಲದಲ್ಲಿಯೂ ಕಿರಿದಾಗುತ್ತದೆ. ಈ ಹೋಲಿಕೆ ಕೊಟ್ಟರೆ ವ್ಯತ್ಯಾಸವನ್ನೂ ಹೇಳಿಯೇ ಮುಂದೆ ಹೋಗಬೇಕು. ಹಾಗೆ ಹೇಳಿದರೆ ಆ ವ್ಯತ್ಯಾಸವೇ ವಿದ್ಯಾರ್ಥಿಯ ನೆನಪಿನಲ್ಲಿ ಉಳಿಯುತ್ತದೆ.

3. ಬಲರೇಖೆಗಳು ಹೊರಗೆ ಹರಿಯುತ್ತವೆ. ಪೊರೆ ಅತಿ ತೆಳುವಾದಾಗ ಎಲೆಕ್ಟ್ರಾನ್ ಮತ್ತು ರಂಧ್ರದ ನಡುವಿನ ಕ್ಷೇತ್ರರೇಖೆಗಳು ಪೊರೆಯಿಂದ ಹೊರಬಂದು ಗಾಳಿಯ ಮೂಲಕ ಹಾದು ಮತ್ತೆ ಒಳಸೇರುತ್ತವೆ. ಗಾಳಿಯ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 1. ಆದ್ದರಿಂದ ಆಕರ್ಷಣೆ ಅಷ್ಟಾಗಿ ಕುಗ್ಗುವುದಿಲ್ಲ. ಒಂದೇ ಪದರದ ಮಾಲಿಬ್ಡಿನಂ ಡೈಸಲ್ಫೈಡ್ ಇದಕ್ಕೆ ಉದಾಹರಣೆ: ದಪ್ಪ ಸುಮಾರು 0.65 ನ್ಯಾನೊಮೀಟರ್, ಎಕ್ಸೈಟಾನಿನ ಬಂಧಕ ಶಕ್ತಿ ಹಲವು ನೂರು ಮಿಲಿ ಇವಿ. ಕೋಣೆಯ ಉಷ್ಣತೆಯ 26 ಮಿಲಿ ಇವಿ ಅದನ್ನು ಅಲುಗಾಡಿಸಲಾರದು. ಈ ಪದರದಿಂದ ಬರುವ ಕೆಂಪು ಬೆಳಕು ಎಕ್ಸೈಟಾನಿನದೇ.

ಎರಡು ಎಕ್ಸೈಟಾನ್ ಸೇರಿದಾಗ

ಎರಡು ಹೈಡ್ರೋಜನ್ ಪರಮಾಣುಗಳು ಸೇರಿ ಅಣುವಾಗುವುದಾದರೆ ಎರಡು ಎಕ್ಸೈಟಾನ್‌ಗಳೂ ಸೇರಬಾರದೇಕೆ? 1958ರಲ್ಲಿ ಅಮೆರಿಕದ ಮರ್ರೇ ಲ್ಯಾಂಪರ್ಟ್ ಮತ್ತು ಸೋವಿಯತ್ ಒಕ್ಕೂಟದ ಮೊಸ್ಕಲೆಂಕೊ ಇಂಥ ಎಕ್ಸೈಟಾನ್ ಅಣು ಸಾಧ್ಯವೆಂದು ಸೂಚಿಸಿದರು.

ಬಂಧದ ಷರತ್ತು ರಸಾಯನಶಾಸ್ತ್ರದ ಪಾಠದಲ್ಲಿ ಹೇಳುವುದೇ. ಹೈಡ್ರೋಜನ್ ಅಣುವಿನಲ್ಲಿ ಎರಡು ಎಲೆಕ್ಟ್ರಾನ್‌ಗಳ ಸ್ಪಿನ್ ಪರಸ್ಪರ ವಿರುದ್ಧವಾಗಿರಬೇಕು. ಎಕ್ಸೈಟಾನ್ ಜೋಡಿಯ ಅತ್ಯಂತ ಕೆಳಗಿನ ಸ್ಥಿತಿಯಲ್ಲಿ ಎಲೆಕ್ಟ್ರಾನ್‌ಗಳ ಸ್ಪಿನ್ ಹೇಗೋ ರಂಧ್ರಗಳ ಸ್ಪಿನ್ ಕೂಡ ಹಾಗೆಯೇ ಪರಸ್ಪರ ವಿರುದ್ಧ.

ಬಂಧ ಎಷ್ಟು ಗಟ್ಟಿ? ಹೈಡ್ರೋಜನ್ ಅಣುವನ್ನು ಎರಡು ಪರಮಾಣುಗಳಾಗಿ ಬಿಡಿಸಲು ಸುಮಾರು 4.5 ಇವಿ ಬೇಕು, ಇದು 13.6ರ ಮೂರನೆಯ ಒಂದು ಭಾಗ. ಆದರೆ ಅಲ್ಲಿ ಎರಡು ಪ್ರೋಟಾನ್‌ಗಳು ಭಾರವಾಗಿ, ಬಹುತೇಕ ನಿಶ್ಚಲವಾಗಿ ನಿಂತಿವೆ. ನಾಲ್ಕೂ ಕಣಗಳು ಸಮಾನ ಹಗುರವಾದಾಗ ಏನಾಗುತ್ತದೆಂಬುದಕ್ಕೆ ಪಾಸಿಟ್ರೋನಿಯಂ ಅಣು ಉದಾಹರಣೆ. ಪಾಸಿಟ್ರೋನಿಯಂ ಎಂದರೆ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಸುತ್ತಾಡುವ ಪರಮಾಣು. ಬಂಧಕ ಶಕ್ತಿ 6.8 ಇವಿ. ಅಂಥ ಎರಡರ ಅಣುವಿಗೆ ಬಂಧಕ ಶಕ್ತಿ ಸುಮಾರು 0.44 ಇವಿ, ಅಂದರೆ ಶೇ. 6ರಷ್ಟೇ. ಕಣಗಳು ಹಗುರವಾದಷ್ಟೂ ಅವುಗಳ ಚಲನೆಯ ಶಕ್ತಿ ಬಂಧವನ್ನು ಸಡಿಲಿಸುತ್ತದೆ. ಅರೆವಾಹಕದ ಎಕ್ಸೈಟಾನ್ ಜೋಡಿಗಳು ಸಾಮಾನ್ಯವಾಗಿ ಈ ಎರಡು ಅಂಚುಗಳ ನಡುವೆ ಬೀಳುತ್ತವೆ.

ಗ್ಯಾಲಿಯಂ ಆರ್ಸೆನೈಡ್ ಕ್ವಾಂಟಂ ಬಾವಿಯಲ್ಲಿ ಜೋಡಿಯನ್ನು 1982ರಲ್ಲಿ ಗುರುತಿಸಿದಾಗ ಸಿಕ್ಕ ಬಂಧಕ ಶಕ್ತಿ ಸುಮಾರು 1 ಮಿಲಿ ಇವಿ. ಇದನ್ನು ಉಷ್ಣತೆಗೆ ಪರಿವರ್ತಿಸಿದರೆ ಸುಮಾರು 12 ಕೆಲ್ವಿನ್. ಇಂಥ ಪ್ರಯೋಗಗಳಿಗೆ ದ್ರವ ಹೀಲಿಯಂ ಏಕೆ ಬೇಕೆಂಬುದು ಈ ಒಂದು ಸಂಖ್ಯೆಯಿಂದಲೇ ಅರ್ಥವಾಗುತ್ತದೆ.

ರೋಹಿತದಲ್ಲಿ ಮೂರು ಸ್ಥಾನ

ಎಕ್ಸೈಟಾನ್ ಜೋಡಿಯನ್ನು ಕಲಿಸಲು ಅತ್ಯಂತ ಸ್ಪಷ್ಟ ವಸ್ತು ಕ್ಯೂಪ್ರಸ್ ಕ್ಲೋರೈಡ್. ಇದರಲ್ಲಿ ಎಕ್ಸೈಟಾನಿನ ಬಂಧಕ ಶಕ್ತಿ ಸುಮಾರು 190 ಮಿಲಿ ಇವಿ, ಜೋಡಿಯ ಬಂಧಕ ಶಕ್ತಿ ಸುಮಾರು 32 ಮಿಲಿ ಇವಿ. ಸ್ಫಟಿಕದಲ್ಲೂ ತೆಳುಪೊರೆಯಲ್ಲೂ ಇದನ್ನು ವಿಸ್ತಾರವಾಗಿ ಅಭ್ಯಸಿಸಿದ್ದಾರೆ. ಕೆಲವೇ ಕೆಲ್ವಿನ್ ಉಷ್ಣತೆಯಲ್ಲಿ ಒಂದು ಎಕ್ಸೈಟಾನ್ ಹುಟ್ಟಿಸಲು ಬೇಕಾದ ಶಕ್ತಿ 3.202 ಇವಿ. ಇಷ್ಟು ಮಾಹಿತಿ ಕೊಟ್ಟು ಉಳಿದದ್ದನ್ನು ವಿದ್ಯಾರ್ಥಿಗಳಿಂದಲೇ ಹೊರಡಿಸಬಹುದು.

ಮೊದಲ ಪ್ರಶ್ನೆ: ಜೋಡಿಯ ಒಟ್ಟು ಶಕ್ತಿ ಎಷ್ಟು? ಎರಡು ಎಕ್ಸೈಟಾನ್‌ಗಳ ಶಕ್ತಿ 6.404, ಅದರಿಂದ ಬಂಧಕ ಶಕ್ತಿ 0.032 ಕಳೆದರೆ 6.372 ಇವಿ.

ಎರಡನೆಯ ಪ್ರಶ್ನೆ: ಜೋಡಿ ಅಳಿಯುವಾಗ ಹೊರಬರುವ ಬೆಳಕಿನ ಶಕ್ತಿ ಎಷ್ಟು? ಜೋಡಿಯಲ್ಲಿನ ಎರಡೂ ಎಕ್ಸೈಟಾನ್ ಒಮ್ಮೆಲೇ ಅಳಿಯುವುದಿಲ್ಲ. ಮೊದಲು ಒಂದು ಎಲೆಕ್ಟ್ರಾನ್ ಒಂದು ರಂಧ್ರವನ್ನು ತುಂಬಿ ಫೋಟಾನ್ ಹೊರಬರುತ್ತದೆ. ಇನ್ನೊಂದು ಎಕ್ಸೈಟಾನ್ ಒಂಟಿಯಾಗಿ ಉಳಿಯುತ್ತದೆ. ಫೋಟಾನಿನ ಶಕ್ತಿ 6.372 − 3.202 = 3.170 ಇವಿ. ಒಂಟಿ ಎಕ್ಸೈಟಾನಿನ ಗೆರೆಗಿಂತ ಇದು ಸರಿಯಾಗಿ ಬಂಧಕ ಶಕ್ತಿಯಷ್ಟೇ ಕೆಳಗೆ.

ಮೂರನೆಯ ಪ್ರಶ್ನೆ: ಎರಡು ಸಮಾನ ಫೋಟಾನ್‌ಗಳನ್ನು ಏಕಕಾಲದಲ್ಲಿ ಹೀರಿಸಿ ನೇರವಾಗಿ ಜೋಡಿಯನ್ನೇ ಹುಟ್ಟಿಸಬೇಕಾದರೆ ಪ್ರತಿ ಫೋಟಾನಿನ ಶಕ್ತಿ ಎಷ್ಟಿರಬೇಕು? 6.372ರ ಅರ್ಧ, 3.186 ಇವಿ.

ಮೂರನ್ನೂ ಒಂದೇ ಗೆರೆಯ ಮೇಲೆ ಗುರುತಿಸಿ: 3.202, 3.186, 3.170. ಸಮಾನ ಅಂತರ! ಮಧ್ಯದ್ದು ಬಂಧಕ ಶಕ್ತಿಯ ಅರ್ಧದಷ್ಟು ಕೆಳಗೆ, ಕೊನೆಯದು ಪೂರ್ತಿಯಷ್ಟು ಕೆಳಗೆ. ತರಂಗದೂರದಲ್ಲಿ ಹೇಳುವುದಾದರೆ ಸುಮಾರು 387, 389 ಮತ್ತು 391 ನ್ಯಾನೊಮೀಟರ್. ನೇರಳೆಯ ಅಂಚಿನಾಚೆ, ಎರಡೆರಡು ನ್ಯಾನೊಮೀಟರ್ ಅಂತರದಲ್ಲಿ.

3.186 ಇವಿಯಲ್ಲಿ ಒಂದು ಫೋಟಾನ್ ಮಾತ್ರ ಬಂದರೆ ಅದು ಎಕ್ಸೈಟಾನನ್ನೂ ಹುಟ್ಟಿಸಲಾರದು. ಬೆಳಕು ಮಂದವಾಗಿದ್ದಾಗ ಅಲ್ಲಿ ವಿಶೇಷ ಹೀರಿಕೆಯಿಲ್ಲ. ಪ್ರಖರವಾದಾಗ ಮಾತ್ರ ಗೆರೆ ಮೂಡುತ್ತದೆ. ಈ ಎರಡು ಫೋಟಾನ್ ಹೀರಿಕೆ ಅಸಾಧಾರಣವಾಗಿ ಪ್ರಬಲವಾಗಿರುತ್ತದೆಂದು 1973ರಲ್ಲಿ ಜಪಾನಿನ ಐಇಚಿ ಹನಾಮುರ ಲೆಕ್ಕ ಹಾಕಿದರು. ಮರುವರ್ಷವೇ ಕ್ಯೂಪ್ರಸ್ ಕ್ಲೋರೈಡಿನಲ್ಲಿ ಅದು ಪ್ರಯೋಗದಿಂದ ಕಂಡುಬಂತು. ಕಾರಣ ಸರಳ: ಮೊದಲ ಫೋಟಾನ್ ಮುಗಿಸಬೇಕಾದ ಹೆಜ್ಜೆಗೆ ಎಕ್ಸೈಟಾನ್ ಸ್ಥಿತಿ ಕೇವಲ 16 ಮಿಲಿ ಇವಿ ಹತ್ತಿರದಲ್ಲೇ ಇದೆ. ಪಾರದರ್ಶಕ ಪೊರೆಯೊಂದು ಬೆಳಕು ಹೆಚ್ಚಾದಂತೆ ಅಪಾರದರ್ಶಕವಾಗುವುದು, ಅದೂ ಒಂದು ಖಚಿತ ಬಣ್ಣಕ್ಕೆ ಮಾತ್ರ: ಎಕ್ಸೈಟಾನ್ ಜೋಡಿಯ ಬೆಳಕಿನ ವರ್ತನೆಯಲ್ಲಿ ಇದು ಬಹು ವಿಶಿಷ್ಟವಾದದ್ದು.

ಜೋಡಿಯೇ ಹೌದೆಂದು ತಿಳಿಯುವುದು ಹೇಗೆ?

ಎಕ್ಸೈಟಾನ್ ಗೆರೆಯ ಕೆಳಗೆ ಇನ್ನೊಂದು ಗೆರೆ ಕಂಡಮಾತ್ರಕ್ಕೆ ಅದು ಜೋಡಿಯದೆಂದು ತೀರ್ಮಾನಿಸುವಂತಿಲ್ಲ. ಕಲ್ಮಶಕ್ಕೆ ಅಂಟಿದ ಎಕ್ಸೈಟಾನ್ ಕೂಡ ಅಲ್ಲೇ ಬೆಳಗುತ್ತದೆ. ಪ್ರತ್ಯೇಕಿಸಲು ಎರಡು ಪರೀಕ್ಷೆಗಳಿವೆ.

ಮೊದಲ ಪರೀಕ್ಷೆ, ಬೀಳುವ ಬೆಳಕನ್ನು ಇಮ್ಮಡಿಸುವುದು. ಇದಕ್ಕೊಂದು ತರಗತಿ ಚಟುವಟಿಕೆ ಇದೆ. ಹತ್ತು ವಿದ್ಯಾರ್ಥಿಗಳು ಪರಸ್ಪರ ಕೈಕುಲುಕಿದರೆ 45 ಕೈಕುಲುಕು. ಇಪ್ಪತ್ತು ವಿದ್ಯಾರ್ಥಿಗಳಾದರೆ 190. ನೂರಕ್ಕೆ 4,950, ಇನ್ನೂರಕ್ಕೆ 19,900. ಸಂಖ್ಯೆ ಇಮ್ಮಡಿಯಾದಾಗ ಜೋಡಿಗಳು ಸುಮಾರು ನಾಲ್ಕು ಪಟ್ಟಾಗುತ್ತವೆ. ಎಕ್ಸೈಟಾನ್‌ಗಳೂ ಹಾಗೆಯೇ: ಬೆಳಕು ಇಮ್ಮಡಿಯಾದರೆ ಒಂಟಿ ಎಕ್ಸೈಟಾನ್ ಗೆರೆ ಇಮ್ಮಡಿ, ಜೋಡಿಯ ಗೆರೆ ನಾಲ್ಮಡಿ. ಕಲ್ಮಶದ ಗೆರೆ ಇದಕ್ಕೆ ತದ್ವಿರುದ್ಧ. ಕಲ್ಮಶ ಪರಮಾಣುಗಳ ಸಂಖ್ಯೆ ನಿಗದಿಯಾದದ್ದು. ಬಸ್ಸಿನ ಸೀಟುಗಳಂತೆ ಎಲ್ಲವೂ ಭರ್ತಿಯಾದ ಮೇಲೆ ಆ ಗೆರೆ ಬೆಳೆಯುವುದು ನಿಲ್ಲುತ್ತದೆ. ನಿಜವಾದ ಅಳತೆಗಳಲ್ಲಿ ಜೋಡಿಯ ಗೆರೆ ಪೂರ್ತಿ ವರ್ಗದ ನಿಯಮ ಪಾಲಿಸದೆ, ಘಾತ 1 ಮತ್ತು 2ರ ನಡುವೆ ನಿಲ್ಲುವುದುಂಟು. ಎಕ್ಸೈಟಾನ್‌ಗಳ ಆಯಸ್ಸು ಬಹಳ ಕಡಿಮೆಯಾದ್ದರಿಂದ ಅವು ಸಮತೋಲನಕ್ಕೆ ಬರುವ ಮೊದಲೇ ಅಳಿಯುವುದು ಇದಕ್ಕೆ ಕಾರಣ.

ಎರಡನೆಯ ಪರೀಕ್ಷೆ, ಧ್ರುವೀಕರಣ. ಒಂದೇ ದಿಕ್ಕಿಗೆ ಸುತ್ತುವ ವೃತ್ತೀಯ ಧ್ರುವೀಕೃತ ಬೆಳಕು ಒಂದೇ ಬಗೆಯ ಸ್ಪಿನ್‌ನ ಎಕ್ಸೈಟಾನ್‌ಗಳನ್ನು ಹುಟ್ಟಿಸುತ್ತದೆ. ವಿರುದ್ಧ ಸ್ಪಿನ್ ಸಿಗದೆ ಜೋಡಿ ಕಟ್ಟಿಕೊಳ್ಳಲಾಗದು. ಎರಡು ಫೋಟಾನ್ ಹೀರಿಕೆಯ ಗೆರೆ ಮಾಯವಾಗುತ್ತದೆ. ರೇಖೀಯ ಧ್ರುವೀಕೃತ ಬೆಳಕಿನಲ್ಲಿ ಎರಡೂ ದಿಕ್ಕು ಬೆರೆತಿರುವುದರಿಂದ ಗೆರೆ ಮತ್ತೆ ಮೂಡುತ್ತದೆ. ಸ್ಪಿನ್ ಎಂಬ ಅಮೂರ್ತ ಪರಿಕಲ್ಪನೆಯನ್ನು ಒಂದು ಧ್ರುವಕ ತಿರುಗಿಸಿ ಪರೀಕ್ಷಿಸಬಹುದೆಂಬುದು ವಿದ್ಯಾರ್ಥಿಗಳಿಗೆ ಹೇಳಲೇಬೇಕಾದ ಸಂಗತಿ.

ಹೋಲಿಕೆಯ ಎಲ್ಲೆಗಳು

ಹೈಡ್ರೋಜನ್ ಹೋಲಿಕೆ ಎಷ್ಟು ದೂರ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಪಾಠಯೋಜನೆಯಲ್ಲೇ ಬರೆದುಕೊಳ್ಳುವುದು ಒಳ್ಳೆಯದು.

• ಹೈಡ್ರೋಜನ್ ಪರಮಾಣು ತಾನಾಗಿ ಅಳಿಯುವುದಿಲ್ಲ. ಎಕ್ಸೈಟಾನ್ ಅಳಿಯುತ್ತದೆ, ಎಲೆಕ್ಟ್ರಾನ್ ರಂಧ್ರವನ್ನು ತುಂಬಿದ ಕೂಡಲೇ ಎರಡೂ ಇಲ್ಲ, ಬೆಳಕು ಮಾತ್ರ.
• ರಂಧ್ರ ಸ್ಫಟಿಕದಿಂದ ಹೊರತೆಗೆಯಬಹುದಾದ ಕಣವಲ್ಲ. ಅದು ವೇಲೆನ್ಸಿ ಪಟ್ಟಿಯ ಉಳಿದೆಲ್ಲ ಎಲೆಕ್ಟ್ರಾನ್‌ಗಳ ಒಟ್ಟು ವರ್ತನೆಗೆ ಕೊಟ್ಟ ಹೆಸರು.
• ಡೈಎಲೆಕ್ಟ್ರಿಕ್ ಸ್ಥಿರಾಂಕ ಬಳಸಿದ ಸೂತ್ರ ದೊಡ್ಡ ಎಕ್ಸೈಟಾನ್‌ಗಳಿಗೆ ಮಾತ್ರ ಸರಿ. ಕ್ಯೂಪ್ರಸ್ ಕ್ಲೋರೈಡಿನಲ್ಲಿ ತ್ರಿಜ್ಯ ಸುಮಾರು 0.7 ನ್ಯಾನೊಮೀಟರ್, ಘಟಕ ಕೋಶದ ಅಂಚು 0.54, ಅಲ್ಲಿ ಸೂತ್ರ ಅದರ ಎಲ್ಲೆಗೆ ಬಂದು ನಿಂತಿದೆ. ಮೊಬೈಲ್ ಪರದೆಯ ಓಎಲ್‌ಇಡಿಯಂಥ ಸಾವಯವ ಪೊರೆಗಳಲ್ಲಿ ಎಕ್ಸೈಟಾನ್ ಬಹುಮಟ್ಟಿಗೆ ಒಂದು ಅಣುವಿನೊಳಗೇ ಇರುತ್ತದೆ. ಅದು ಫ್ರೆಂಕೆಲ್ ಹೇಳಿದ ಬಗೆ. ಅದಕ್ಕೆ ಬೋರ್ ಲೆಕ್ಕ ಹೊಂದುವುದಿಲ್ಲ.

ಉಪಯೋಗವೇನು?

ಈ ಪ್ರಶ್ನೆ ತರಗತಿಯಲ್ಲಿ ಬಂದೇ ಬರುತ್ತದೆ. ಎರಡು ಉತ್ತರ ಸಾಕು. ಮೊದಲನೆಯದು, ಕೆಲವೇ ನ್ಯಾನೊಮೀಟರ್ ಗಾತ್ರದ ಕ್ವಾಂಟಂ ಚುಕ್ಕೆಯಲ್ಲಿ ಜೋಡಿಯೊಂದು ಅಳಿಯುವಾಗ ಒಂದರ ಹಿಂದೊಂದು ಎರಡು ಫೋಟಾನ್ ಹೊರಡುತ್ತವೆ. ಚುಕ್ಕೆ ಸಾಕಷ್ಟು ಸಮಮಿತಿಯುಳ್ಳದ್ದಾದರೆ ಅವುಗಳ ಧ್ರುವೀಕರಣಗಳು ಕ್ವಾಂಟಂ ಹೆಣಿಗೆಯಲ್ಲಿರುತ್ತವೆ. ಕ್ವಾಂಟಂ ಸಂವಹನದ ಸಂಶೋಧನೆಯಲ್ಲಿ ಇಂಥ ಫೋಟಾನ್ ಜೋಡಿಗಳಿಗೆ ಬೇಡಿಕೆಯಿದೆ. ಎರಡನೆಯದು ಲೇಸರ್. ಅತಿಚಿಕ್ಕ ಅರೆವಾಹಕ ಕಣಗಳ ಪೊರೆಯಿಂದ ಲೇಸರ್ ಬೆಳಕು ಪಡೆಯಲು ಸಾಮಾನ್ಯವಾಗಿ ಕಣವೊಂದಕ್ಕೆ ಒಂದಕ್ಕಿಂತ ಹೆಚ್ಚು ಎಕ್ಸೈಟಾನ್ ಬೇಕು. ಆದರೆ ಎರಡು ಎಕ್ಸೈಟಾನ್ ಅಷ್ಟು ಇಕ್ಕಟ್ಟಿನಲ್ಲಿದ್ದಾಗ ಒಂದು ಅಳಿದು ತನ್ನ ಶಕ್ತಿಯನ್ನು ಬೆಳಕಾಗಿ ಕೊಡದೆ ಪಕ್ಕದ ಆವೇಶಕ್ಕೆ ಕೊಟ್ಟುಬಿಡುವ ಸಾಧ್ಯತೆ ಹೆಚ್ಚು. ಆಜೆ ಪ್ರಕ್ರಿಯೆ ಎಂಬ ಈ ಸೋರಿಕೆಯನ್ನು ತಡೆಯುವುದು ಇಂದಿಗೂ ಸಂಶೋಧಕರ ಕೆಲಸ.

ತರಗತಿಯಲ್ಲಿ ಮಂಡಿಸುವ ಕ್ರಮ

ಒಂದು ಪಿರಿಯಡ್‌ನಲ್ಲಿ ಎಲ್ಲವನ್ನೂ ಹೇಳಲು ಹೋಗಬೇಡಿ. ಮೊದಲ ಪಿರಿಯಡ್‌ನಲ್ಲಿ ಆಕರ್ಷಣೆಯ ಪ್ರಶ್ನೆ, ಬೋರ್ ಲೆಕ್ಕ, ಕ್ಯೂಪ್ರಸ್ ಆಕ್ಸೈಡಿನ ಗೆರೆಗಳು ಮತ್ತು ತಿದ್ದಿದ ವಾಕ್ಯ. ಆಸಕ್ತರಿದ್ದರೆ ವಿಜ್ಞಾನ ಸಂಘದ ಅವಧಿಯಲ್ಲಿ ಕೈಕುಲುಕು ಚಟುವಟಿಕೆ ಮತ್ತು ಮೂರು ಗೆರೆಗಳ ಲೆಕ್ಕ. ಪರೀಕ್ಷೆಯ ದೃಷ್ಟಿಯಿಂದಲೂ ಇದು ವ್ಯರ್ಥವಲ್ಲ: ಬೋರ್ ಸೂತ್ರ, ಡೈಎಲೆಕ್ಟ್ರಿಕ್ ಮತ್ತು ಫೋಟಾನ್ ಶಕ್ತಿ ಮೂರರ ಪುನರಾವರ್ತನೆಯೂ ಇದರಲ್ಲಿ ಆಗುತ್ತದೆ.

ಮೌಲ್ಯಮಾಪನ ಪ್ರಶ್ನೆಗಳು

1. ಡೈಎಲೆಕ್ಟ್ರಿಕ್ ಸ್ಥಿರಾಂಕ ಇಮ್ಮಡಿಯಾದರೆ ಎಕ್ಸೈಟಾನಿನ ಬಂಧಕ ಶಕ್ತಿ ಮತ್ತು ತ್ರಿಜ್ಯ ಎಷ್ಟಾಗುತ್ತವೆ?
2. ಸತು ಆಕ್ಸೈಡಿನಲ್ಲಿ ಎಕ್ಸೈಟಾನಿನ ಬಂಧಕ ಶಕ್ತಿ 60 ಮಿಲಿ ಇವಿ, ಎಕ್ಸೈಟಾನ್ ಜೋಡಿಯದು ಸುಮಾರು 15 ಮಿಲಿ ಇವಿ. ಕೋಣೆಯ ಉಷ್ಣತೆಯಲ್ಲಿ ಎಕ್ಸೈಟಾನ್ ಉಳಿಯುವ ಸಾಧ್ಯತೆ ಹೆಚ್ಚೋ, ಜೋಡಿಯದೋ? ಕಾರಣ ಕೊಡಿ.
3. ಪೊರೆಯೊಂದರಲ್ಲಿ ಎಕ್ಸೈಟಾನ್ ಗೆರೆ 2.000 ಇವಿಯಲ್ಲೂ ಜೋಡಿಯ ಉತ್ಸರ್ಜನೆ 1.980 ಇವಿಯಲ್ಲೂ ಇದೆ. ಎರಡು ಫೋಟಾನ್ ಹೀರಿಕೆ ಎಲ್ಲಿ ಕಾಣಬೇಕು?
4. ಬೀಳುವ ಬೆಳಕನ್ನು ಮೂರು ಪಟ್ಟು ಹೆಚ್ಚಿಸಿದಾಗ ಒಂದು ಗೆರೆ ಸುಮಾರು ಒಂಬತ್ತು ಪಟ್ಟಾಯಿತು, ಇನ್ನೊಂದು ಬದಲಾಗಲಿಲ್ಲ. ಯಾವುದು ಯಾವುದರದು?

ನಾಲ್ಕನೆಯ ಪ್ರಶ್ನೆಗೆ ಉತ್ತರ ಬರೆಯಬಲ್ಲ ವಿದ್ಯಾರ್ಥಿಗೆ ಸೂತ್ರಕ್ಕಿಂತ ಹೆಚ್ಚಿನದೊಂದು ದಕ್ಕಿದೆ: ಕಾಣದ ಕಣವನ್ನು ಅದರ ನಡತೆಯಿಂದ ಗುರುತಿಸುವ ಬಗೆ. ಶಿಕ್ಷಕರ ಪಾಲಿಗೆ ಉಳಿಯುವ ಪಾಠವೂ ಚಿಕ್ಕದೇ. ನಿಯಮವನ್ನು ಹೇಳುವಾಗ ಅದು ಎಲ್ಲಿಯವರೆಗೆ ಸರಿ ಎಂಬ ಅರ್ಧ ವಾಕ್ಯವನ್ನೂ ಸೇರಿಸಿದರೆ, "ಸೆಳೆಯುವುದಿಲ್ಲವೇ ಸರ್" ಎಂದು ಕೇಳುವ ವಿದ್ಯಾರ್ಥಿಗೆ ನಮ್ಮ ತರಗತಿಯಲ್ಲಿ ಜಾಗವಿರುತ್ತದೆ.